ಹೆಣೆಯಲೂ ಹಣ

ಪರೀಕ್ಷೆಯ ಕೋಣೆಯಲ್ಲಿ ವರ್ಡೆಲ್ ಪರೀಕ್ಷೆಗಿಟ್ಟ ಬೊಂಬೆಯ ಜಡೆಯನ್ನು ಬಿಗಿಯಾಗಿ ಎಳೆದಾಗ ಅದರ ತಲೆಯೇ ಕಿತ್ತು ಬಂದು ಪರೀಕ್ಷಕಿಯ ಪಾದಕ್ಕೆ ಶರಣಾಯಿತು.

ಅಮ್ಮನ ಮೊಣಕಾಲ ನಡುವೆ ಕೂತು ಕಲಿತ ವಿದ್ಯೆ ಅವಳದು. ಆದರೆ ಅಮೆರಿಕದ ಲೂಸಿಯಾನಾದಲ್ಲಿ ಜಡೆ ಹೆಣೆಯುವುದಕ್ಕೂ ಸರ್ಕಾರಕ್ಕೆ ಹಣ ಕಟ್ಟಬೇಕು, ಐನೂರು ಗಂಟೆ ಶಾಲೆಯಲ್ಲಿ ಕೂರಬೇಕು. ಲೈಸೆನ್ಸ್ ಸಿಗುವವರೆಗೆ ಅವಳ ಜಡೆ ಅಂಗಡಿಗೆ ಬೀಗ. ಇವತ್ತು ಫೇಲಾದರೆ ಬಾಡಿಗೆ ಕಟ್ಟಲಾಗದೆ ಅಂಗಡಿಯೇ ಕೈತಪ್ಪುತ್ತದೆ.

"ಜೀವ ಇರೋ ತಲೆ ಹೀಗೆ ಉರುಳಲ್ಲ, ಮೇಡಂ," ಎನ್ನುತ್ತ ಅವಳು ಅದನ್ನೆತ್ತಿ ಸಿಕ್ಕಿಸಿದಳು.

ಪರೀಕ್ಷಕಿ ನಗಲಿಲ್ಲ. "ಇಷ್ಟು ವರ್ಷ ಜಡೆ ಹಾಕಿದೋಳು ನೀನು. ಶಾಲೇಲಿ ಹೊಸದಾಗಿ ಏನು ಕಲ್ತೆ, ಹೇಳಮ್ಮ?"

ಒಳ್ಳೆಯ ಸುಳ್ಳೊಂದನ್ನು ಹುಡುಕಿ, ಸಿಗದೆ, ವರ್ಡೆಲ್ ಹೇಳಿದಳು: "ಕೂತ್ಕೊಳ್ಳೋದು, ಮೇಡಂ. ಅಂಗಡೀಲಿ ಅದಕ್ಕೆ ಪುರುಸೊತ್ತೇ ಇರ್ಲಿಲ್ಲ."