ಮಿಕ್ಸಿ ಕೂತ ಮಣೆ

ಈ ಸಲದ ದೀಪಾವಳಿಯಲ್ಲಿ ನನಗೆ ಒಂದು ಮಿಕ್ಸಿಯನ್ನು ಕಂಡು ಹೊಟ್ಟೆ ಉರಿಯಿತು.

ನಗಬೇಡಿ. ಆ ಮಿಕ್ಸಿ ಕೂತಿದ್ದದ್ದು ನನ್ನ ಮಣೆಯ ಮೇಲೆ.

ಅಜ್ಜಂಪುರದ ನನ್ನ ಅತ್ತೆ ಮನೆಯಲ್ಲಿ ಹಲಸಿನ ಮರದ ಎರಡು ಮಣೆಗಳಿವೆ. ಇಬ್ಬರು ಹೆಣ್ಣುಮಕ್ಕಳು, ಇಬ್ಬರು ಅಳಿಯಂದಿರು, ಎರಡು ಮಣೆ. ತೀರಿಕೊಂಡ ಮಾವನವರೇ ನಿಂತು ಮಾಡಿಸಿದ್ದು. ಹಬ್ಬದ ಊಟಕ್ಕೆ ನಡುಮನೆಯಲ್ಲಿ ಉಳಿದವರಿಗೆಲ್ಲ ಚಾಪೆ, ನಮ್ಮಿಬ್ಬರಿಗೆ ಮಾತ್ರ ಮಣೆ. (ನಾವೆಲ್ಲ ಬಾಯಿಮಾತಿಗೆ 'ಮಣೆ ಹಾಕುವುದು' ಎನ್ನುತ್ತೇವೆ. ಆ ಮನೆಯಲ್ಲಿ ನಿಜವಾಗಿಯೂ ಹಾಕುತ್ತಾರೆ.)

ಈಗ ಒಂದೇ ಮಣೆ ಹಾಕುತ್ತಾರೆ. ಅದು ನನ್ನ ಷಡ್ಡಕ ರುದ್ರೇಶನಿಗೆ. ನನಗೆ ಪ್ಲಾಸ್ಟಿಕ್ ಚೇರು, ಮುಂದೆ ಟೀಪಾಯಿ.

ಕಾರಣ ಹೇಳುತ್ತೇನೆ. ನನಗೆ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಇದೆ. ಹೇಳುವಷ್ಟರಲ್ಲೇ ಸೊಂಟ ಹಿಡಿದುಕೊಳ್ಳುವಂಥ ಹೆಸರು. ಬೆನ್ನು, ಸೊಂಟದ ಕೀಲುಗಳಲ್ಲಿ ಒಳಗೊಳಗೇ ಉರಿಯೂತ. ಬೆಳಿಗ್ಗೆ ಏಳುವಾಗ ಬೆನ್ನು ಮರದ ಹಲಗೆಯಾಗಿರುತ್ತದೆ. ಸೊಂಟದಲ್ಲಿದ್ದರೆ ಉರಿಯೂತ, ಸ್ವಲ್ಪ ಮುಂದಕ್ಕೆ ಬಂದರೆ ಹೊಟ್ಟೆಯುರಿ. ಮೊದಲನೆಯದಕ್ಕೆ ಮಾತ್ರೆ, ಇಂಜೆಕ್ಷನ್ ಇದೆ. ಎರಡನೆಯದಕ್ಕೆ ಯಾವ ಡಾಕ್ಟರೂ ಚೀಟಿ ಬರೆದುಕೊಡುವುದಿಲ್ಲ.

ತಮಾಷೆ ಏನೆಂದರೆ ಇದೇ ಕಾಯಿಲೆ ರುದ್ರೇಶನಿಗೂ ಇದೆ. ಷಡ್ಡಕರ ನಡುವೆ ರಕ್ತಸಂಬಂಧ ಇರುವುದಿಲ್ಲ, ನಮ್ಮದು ಸೊಂಟ ಸಂಬಂಧ. ಒಬ್ಬರೇ ಡಾಕ್ಟರು, ಒಂದೇ ಮಾತ್ರೆ. ಕಾಯಿಲೆಯಲ್ಲಿ ನಾನೇ ಸೀನಿಯರ್. ಆದರೂ ಹೆಸರು ಬಂದದ್ದು ಅವನಿಗೆ.

ಅವನು ಶಿವನಿಯವನು. ತೆಂಗಿನ ತೋಟ ಇದೆ. ಬೆಳಿಗ್ಗೆ ತೋಟ ಸುತ್ತುತ್ತಾನೆ, ಬಾವಿಯಲ್ಲಿ ಈಜುತ್ತಾನೆ. ಸಾಲದ್ದಕ್ಕೆ ಹೋದ ವರ್ಷ ಹುಡುಗರ ಜೊತೆ ಹೆಬ್ಬೆ ಫಾಲ್ಸಿಗೆ ಹೋಗಿ, ನೀರಿನ ಮುಂದೆ ಎದೆಯುಬ್ಬಿಸಿ ನಿಂತ ಫೋಟೋವನ್ನು ಫ್ಯಾಮಿಲಿ ಗ್ರೂಪಿಗೆ ಹಾಕಿದ. ಹಾರ್ಟುಗಳ ಸುರಿಮಳೆ. ನಾನೂ ಒಂದು ಥಂಬ್ಸ್ ಅಪ್ ಒತ್ತಿದೆ. ಆಮೇಲೆ ಕೋಣೆಯ ಬಾಗಿಲು ಹಾಕಿಕೊಂಡು ಫೋಟೋ ದೊಡ್ಡದು ಮಾಡಿ ನೋಡಿದೆ. ಎಲ್ಲಾದರೂ ಬಂಡೆಗೆ ಒರಗಿದ್ದಾನೋ? ಯಾರದಾದರೂ ಕೈ ಹಿಡಿದಿದ್ದಾನೋ? ಇಲ್ಲ. ನೆಟ್ಟಗೆ ನಿಂತಿದ್ದ, ಪಾಪಿ.

ಆವತ್ತಿನಿಂದ ಮನೆಯಲ್ಲಿ ಒಂದೇ ಮಂತ್ರ. "ರುದ್ರೇಶನ್ನ ನೋಡಿ ಕಲೀರಿ." ನನ್ನ ಹೆಂಡತಿ ಕಾಫಿ ಕೊಡುವಾಗ ಹೇಳುತ್ತಾಳೆ, ಮಾತ್ರೆ ಕೊಡುವಾಗ ಹೇಳುತ್ತಾಳೆ. ಹಾಗಂತ ವಾಕಿಂಗ್ ಹೊರಟರೆ ಬಿಡುತ್ತಾಳೋ? "ಸುಮ್ನೆ ರೆಸ್ಟ್ ತಗೊಳ್ಳಿ ಅಂದ್ರೆ ಕೇಳಲ್ಲ" ಅಂತ ಅದಕ್ಕೂ ಬೈಗುಳ. ಡಾಕ್ಟರು ಹೇಳುವುದು ತದ್ವಿರುದ್ಧ. ಮಲಗಿದರೆ ಈ ಕಾಯಿಲೆ ಬಿಗಿಯುತ್ತದೆ, ಮೈ ಆಡಿಸಿದರೆ ಸಡಿಲವಾಗುತ್ತದೆ. ಆದರೆ ನಮ್ಮ ಕಡೆ ಕಾಯಿಲೆಯವನು ಅಂದರೆ ಮಲಗಬೇಕು. ಓಡಾಡಿದರೆ ಕಾಯಿಲೆ ಸುಳ್ಳು, ಮಲಗಿದರೆ ಮನುಷ್ಯ ಸೋಮಾರಿ. ಎಲ್ಲಿಗೆ ಹೋಗಲಿ ಸ್ವಾಮಿ?

ಹೀಗೆ ಉರಿಯುತ್ತಲೇ ಕಡೂರಿನಿಂದ ರೈಲು ಹತ್ತಿ ಹಬ್ಬಕ್ಕೆ ಹೋದೆ. ಎಲೆ ಹಾಕುವ ಹೊತ್ತಿಗೆ ನೀರು ಕುಡಿಯಲು ಅಡುಗೆಮನೆಗೆ ಹೋದರೆ, ಮೂಲೆಯಲ್ಲಿ ನನ್ನ ಮಣೆ. ಅದರ ಮೇಲೆ ಆರಾಮಾಗಿ ಕೂತ ಮಿಕ್ಸಿ. ಇತ್ತ ನಡುಮನೆಯಲ್ಲಿ ಕಂಬದ ಪಕ್ಕ ರುದ್ರೇಶ ತನ್ನ ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಆಗಲೇ ಉಪ್ಪಿನಕಾಯಿ ನೆಕ್ಕುತ್ತಿದ್ದ.

"ಅತ್ತೆ, ಆ ಮಿಕ್ಸಿ ತೆಗೆಸಿ" ಅಂದೆ.

"ಯಾಕ್ರೀ, ಕರೆಂಟ್ ಹೊಡೀತಾ?"

"ನನ್ನ ಮಣೆ ಬೇಕು. ನಾನೂ ಕೆಳಗೇ ಕೂರ್ತೀನಿ."

ಅತ್ತೆ ನನ್ನ ಮುಖ ನೋಡಿದರು. ಆಮೇಲೆ ಮಿಕ್ಸಿ ಎತ್ತಿಟ್ಟು, ಸೆರಗಿನಿಂದಲೇ ಮಣೆ ಒರೆಸಿ ತಂದು ರುದ್ರೇಶನ ಪಕ್ಕ ಹಾಕಿದರು. ನಾನು ಕೂತೆ. ಹೇಗೆ ಕೂತೆ ಅಂತ ಕೇಳಬೇಡಿ, ಕೂತೆ. ಪಂಕ್ತಿಯಲ್ಲಿದ್ದವರೆಲ್ಲ ಮೆಚ್ಚುಗೆಯ ಮಾತಾಡಿದರು. ಅತ್ತೆ ನನ್ನ ಎಲೆಗೆ ಹೋಳಿಗೆ ಬಡಿಸಿ ತುಪ್ಪ ಸುರಿದರು. ನಾನು ಓರೆಗಣ್ಣಿನಲ್ಲಿ ರುದ್ರೇಶನ ಎಲೆ ನೋಡಿದೆ. ತುಪ್ಪ ನನಗೇ ಹೆಚ್ಚು ಬಿದ್ದಿತ್ತು. ಆ ಸುಖ ಅನ್ನ ಸಾರು ಬರುವವರೆಗೆ ಇತ್ತು.

ಸಾರಿನ ಹೊತ್ತಿಗೆ ಸೊಂಟ ಮಾತಾಡತೊಡಗಿತು. ಮೊಸರಿನ ಹೊತ್ತಿಗೆ ಕೂಗತೊಡಗಿತು. ಆಗ ತಲೆಗೆ ಹೊಳೆಯಿತು. ಕೂರುವುದೇನೋ ಸರಿ, ಏಳುವುದು?

ಪಂಕ್ತಿ ಎದ್ದಿತು. ಎಲ್ಲರೂ ಕೈ ತೊಳೆಯಲು ಹೋದರು. ನಾನು ಕೂತೇ ಇದ್ದೆ. ಪಕ್ಕದಲ್ಲಿ ರುದ್ರೇಶನೂ ಕೂತೇ ಇದ್ದ. ಅವನದು ಹೊಸದಲ್ಲ. ಎಲ್ಲರೂ ಎದ್ದ ಮೇಲೂ ಮಜ್ಜಿಗೆ ಹಾಕಿಸಿಕೊಂಡು ಉಣ್ಣುವವನು ಅಂತ ಅವನ ಹೊಟ್ಟೆಗೆ ದೊಡ್ಡ ಹೆಸರು. (ಅದಕ್ಕೂ ನಾನು ಉರಿದುಕೊಂಡಿದ್ದೇನೆ. ಮಾತ್ರೆ ನುಂಗಿ ನುಂಗಿ ನನಗೆ ಹಸಿವೇ ಸತ್ತಿದೆ.)

"ನೀವು ಏಳಿ ಅಣ್ಣ" ಅಂದ.

"ನೀನು ಏಳಪ್ಪ. ನಂಗೆ ಮಜ್ಜಿಗೆ ಬೇಕು."

"ಹಂಗಾರೆ ನಂಗೂ ಬೇಕು."

ಅತ್ತೆ ಬಡಿಸಿದರು. ಕುಡಿದೆವು. ಇನ್ನೊಂದಿಷ್ಟು ಬಡಿಸಿದರು. ಅದನ್ನೂ ಕುಡಿದೆವು. "ಇಬ್ರೂ ಚೆನ್ನಾಗಿ ಉಣ್ತೀರ ಕಣ್ರಪ್ಪ, ನನ್ನ ಕಣ್ಣೇ ಬೀಳುತ್ತೆ" ಅಂತ ಸಂಭ್ರಮಪಡುತ್ತಾ ಖಾಲಿ ಪಾತ್ರೆ ಹಿಡಿದು ಒಳಗೆ ಹೋದರು. ನಡುಮನೆಯಲ್ಲಿ ಉಳಿದದ್ದು ಎರಡು ಎಲೆ, ಎರಡು ಮಣೆ, ನಾವು.

ರುದ್ರೇಶ ಮೆಲ್ಲಗೆ ಅಂದ, "ಅಣ್ಣ, ಸ್ವಲ್ಪ ಆ ಕಡೆ ತಿರುಗ್ತೀರಾ?"

"ಯಾಕೋ?"

"ನಾನು ಏಳೋದನ್ನ ಯಾರೂ ನೋಡಬಾರ್ದು."

ನಾನು ತಿರುಗಲಿಲ್ಲ. ತಿರುಗುವುದು ಸಾಧ್ಯವೂ ಇರಲಿಲ್ಲ, ಕುತ್ತಿಗೆ ಹಿಡಿದುಕೊಂಡಿತ್ತು. ಅವನು ಮೊದಲು ಒಂದು ಮಗ್ಗುಲಿಗೆ ವಾಲಿದ. ಅಂಗೈ ಊರಿದ. ಅಂಬೆಗಾಲಿಡುವ ಮಗುವಿನಂತೆ ಮಂಡಿಯ ಮೇಲೆ ಬಂದ. ಆಮೇಲೆ ಕಂಬ ತಬ್ಬಿಕೊಂಡು, ಉಸಿರು ಬಿಗಿಹಿಡಿದು, ಸ್ವಲ್ಪ ಸ್ವಲ್ಪವೇ ಮೇಲೆದ್ದ. ಕಂಬದ ಪಕ್ಕದ ಜಾಗವನ್ನೇ ಅವನು ಪ್ರತಿ ಸಲ ಯಾಕೆ ಹಿಡಿಯುತ್ತಿದ್ದ ಅಂತ ನನಗೆ ಗೊತ್ತಾದದ್ದು ಆಗ.

"ಹಸಿವು ಅಂತ ಕೂರ್ತಿದ್ದದ್ದು?" ಕೇಳಿದೆ.

"ಯಾವ ಹಸಿವು ಅಣ್ಣ, ಮಜ್ಜಿಗೆ ಕುಡ್ದೂ ಕುಡ್ದೂ ಶೀತ ಆಗೈತೆ."

"ಹೆಬ್ಬೆ ಫೋಟೋ?"

"ಫೋಟೋಗೆ ಎಷ್ಟು ಹೊತ್ತು ನಿಲ್ಬೇಕು? ಆಮೇಲೆ ದಾರಿ ಪೂರ್ತಿ ಜೀಪಲ್ಲಿ ಮಲಗಿಕೊಂಡೇ ಬಂದೆ. ಮಾರನೇ ದಿನ ಹಾಸಿಗೆ ಬಿಟ್ಟಿಲ್ಲ."

ನನಗೆ ಆಗಬೇಕಾದಷ್ಟು ಖುಷಿ ಆಗಲಿಲ್ಲ. ದಿನಾ ಬಾವಿಗೆ ಇಳಿಯುವುದು? ಅದು ನಿಜವಂತೆ. ಬೆಳಿಗ್ಗೆ ಬಿಸಿನೀರು ಹುಯ್ದುಕೊಂಡು, ದನದ ಕೊಟ್ಟಿಗೆಯ ಗೋಡೆ ಹಿಡಿದು ಬೆನ್ನು ಸಡಿಲ ಮಾಡಿಕೊಂಡು, ನೋವಿದ್ದರೂ ಇಳಿಯುತ್ತಾನಂತೆ. ಆಗದ ದಿನ ದಂಡೆಯಲ್ಲಿ ಕೂತು ಬರುತ್ತಾನಂತೆ. ಡಾಕ್ಟರು ಹೇಳಿದ್ದನ್ನೇ ಮಾಡುತ್ತಾನೆ, ಯಾರಿಗೂ ಕಾಣದಂತೆ ಮಾಡುತ್ತಾನೆ, ಅಷ್ಟೇ.

"ಅಲ್ಲಪ್ಪ, ಕಷ್ಟ ಅಂತ ಒಂದು ಮಾತು ಹೇಳಿದ್ರೆ ನಿಂಗೂ ಚೇರ್ ಹಾಕೋರಲ್ಲ" ಅಂದೆ.

ಅವನು ನನ್ನ ಕಡೆ ಕೈ ಚಾಚಿದ. "ಅದೇ ಭಯ ಅಣ್ಣ. ಒಂದ್ಸಲ ಚೇರ್ ಹಾಕಿದ್ರೆ ತಿರ್ಗ ಮಣೆ ಹಾಕಲ್ಲ. ಆಮೇಲೆ ತೋಟಕ್ಕೆ ಬೇಡ ಅಂತಾರೆ, ಬಾವಿಗೆ ಬೇಡ ಅಂತಾರೆ. ಕೊನೆಗೆ ಮಾತುಕತೆಗೂ ಕರೆಯಲ್ಲ. ನಿಮ್ಮನ್ನ ನೋಡೇ ಕಲ್ತಿದ್ದು."

ಇಷ್ಟು ದಿನ ನಾನು ಯಾರನ್ನು ನೋಡಿ ಕಲಿಯಬೇಕಿತ್ತೋ ಅವನು ನನ್ನನ್ನು ನೋಡಿ ಕಲಿತಿದ್ದ. ಕೈ ಹಿಡಿದು ಎದ್ದೆ. ನನ್ನ ಬಾಯಿಂದ "ಅಯ್ಯಪ್ಪಾ" ಅಂತ ದೊಡ್ಡದಾಗಿಯೇ ಹೊರಟಿತು, ಅತ್ತೆ ಅಡುಗೆಮನೆಯಿಂದ ಓಡಿಬಂದರು. ಬಂದವರೇ ಮೊದಲು ನೋಡಿದ್ದು ಚೇರಿನ ಕಡೆ.

"ಚೇರ್ ಬೇಡ ಅತ್ತೆ. ಮುಂದಿನ ಹಬ್ಬಕ್ಕೂ ಮಣೆನೇ ಹಾಕಿ. ಏಳೋವಾಗ ಯಾರಾದ್ರೂ ಒಂದು ಕೈ ಕೊಡಿ, ಸಾಕು" ಅಂದೆ. ಇಷ್ಟು ಸಣ್ಣ ಮಾತು ಹೇಳಲು ನನಗೆ ಇಷ್ಟು ವರ್ಷ ಯಾಕೆ ಬೇಕಾಯಿತು? ರುದ್ರೇಶನ ಬಗ್ಗೆ ತುಟಿ ಬಿಚ್ಚಲಿಲ್ಲ. (ಇದನ್ನೆಲ್ಲ ಪೇಪರಿಗೆ ಬರೆಯುತ್ತೇನೆ ಅಂದಾಗ ಅವನು ನಕ್ಕ. "ಬರೀರಿ ಅಣ್ಣ, ಅತ್ತೆ ಪೇಪರ್ ಓದಲ್ಲ, ಸೀರಿಯಲ್ ನೋಡೋದು.")

ಚೇರಿನಲ್ಲಿ ಕೂರುವವರನ್ನು ನಾನು ಹಂಗಿಸುತ್ತಿಲ್ಲ. ಬೇಕಾದ ದಿನ ನಾನೂ ಕೂರುತ್ತೇನೆ. ಆದರೆ ಬೇಕೋ ಬೇಡವೋ ಅಂತ ಒಂದು ಸಲ ಕೇಳಿ. ಕಾಯಿಲೆಯವರ ಕೈಯಿಂದ ಕೆಲಸ ಕಿತ್ತುಕೊಳ್ಳುವ ಪ್ರೀತಿ ಇದೆಯಲ್ಲ, ಅದಕ್ಕಿಂತ ಮಾತ್ರೆಯ ಕಹಿ ವಾಸಿ.

ಈಗ ನಾನೂ ಬೆಳಿಗ್ಗೆ ಕಾಲೇಜು ಮೈದಾನದಲ್ಲಿ ನಡೆಯುತ್ತೇನೆ. ಎಲ್ಲರೂ ನೋಡುವಂತೆಯೇ ಕುಂಟುತ್ತೇನೆ. ಹೆಂಡತಿ ಬೈಯುವುದನ್ನು ಬಿಟ್ಟು ಜೊತೆಗೆ ಬರುತ್ತಾಳೆ. ಸೊಂಟ ಪರವಾಗಿಲ್ಲ. ಹೊಟ್ಟೆಯುರಿ ಮಾತ್ರ ಇನ್ನೂ ಇಳಿದಿಲ್ಲ.

ಕಂಬ ತಬ್ಬಿಕೊಂಡು ಏಳುವಾಗ ರುದ್ರೇಶ ಒಂದು ಸಲವೂ ಮುಖ ಕಿವುಚಲಿಲ್ಲ. ಅದನ್ನು ಯಾರನ್ನು ನೋಡಿ ಕಲಿತ?