ಎರಡು ಸದ್ದಿನ ಜಿಗಿತ

ಕೆಲವು ದಿನಗಳಿಂದ ನಮ್ಮ ಮನೆಯಲ್ಲಿ ಸಂಜೆ ಚಹಾದ ಹೊತ್ತಿಗೆ ಮಂಜುಗಡ್ಡೆ ನೋಡುವ ರೂಢಿಯಾಗಿದೆ. ಹೊರಗೆ ಚಿತ್ತಾಪುರದ ಬಿಸಿಲಿಗೆ ಕಾದ ಗೋಡೆ ಇನ್ನೂ ಆರಿರುವುದಿಲ್ಲ. ಒಳಗೆ ಸಕ್ಕರೆ ಡಬ್ಬಿಗೆ ಒರಗಿಸಿಟ್ಟ ಮೊಬೈಲಿನಲ್ಲಿ ದೂರದೇಶದ ತರುಣರು ಕಾಲಿಗೆ ಬ್ಲೇಡು ಕಟ್ಟಿಕೊಂಡು, ಮಿರಿಮಿರಿ ಅಂಗಿ ತೊಟ್ಟು, ಮಂಜಿನ ಮೇಲೆ ಹಿಂದುಹಿಂದಕ್ಕೆ ಜಾರುತ್ತ ಬಂದು ಗಾಳಿಯಲ್ಲಿ ನಾಲ್ಕು ಸುತ್ತು ತಿರುಗಿ ಇಳಿಯುತ್ತಿರುತ್ತಾರೆ. ಹೆಂಡತಿ ಶಾರದಾ ಉಪ್ಪಿನಕಾಯಿಯ ವಿಡಿಯೋ ಹುಡುಕುತ್ತಿದ್ದಾಗ ಮೊಬೈಲು ತಾನಾಗಿಯೇ ಇದನ್ನು ತೋರಿಸಿತಂತೆ. ನನಗೆ ಮೊಬೈಲಿನ ಮೇಲೂ ಅನುಮಾನವೇ.

ಮೊನ್ನೆ ಒಬ್ಬ ತರುಣ ನಾಲ್ಕು ಸುತ್ತು ತಿರುಗಿ ದೊಪ್ಪನೆ ಬಿದ್ದ. ಎದ್ದು ಮತ್ತೆ ಮೂರು ಸಲ ಹಾರಿದ. ಅವನ ನಂತರ ಬಂದವನು ಅಷ್ಟು ಹಾರಲಿಲ್ಲ. ಪಿಟೀಲಿನ ಹಾಡಿಗೆ ತೋಳು ಚಾಚಿ, ಒಂದೇ ಕಾಲಿನ ಮೇಲೆ ಮೈದಾನದ ಈ ತುದಿಯಿಂದ ಆ ತುದಿಗೆ ಹೋದದ್ದನ್ನು ನೋಡುತ್ತಿದ್ದ ಶಾರದಾಳ ಕೈಯಲ್ಲಿದ್ದ ಬಟ್ಟಲು ಬಾಯಿಗೆ ಹೋಗುವುದನ್ನೇ ಮರೆಯಿತು. ಅಂಕ ಬಂದಾಗ ಬಿದ್ದವನೇ ಮುಂದಿದ್ದ.

"ಬಿದ್ದವ ಗೆದ್ದ, ಇಷ್ಟ್ ಚೆಂದ ಆಡಿದವ ಸೋತ. ಇದ್ಯಾವ ನ್ಯಾಯರೀ?" ಎಂದಳು.

ನಿವೃತ್ತನಾದರೂ ನಾನು ದೈಹಿಕ ಶಿಕ್ಷಣದ ಮಾಸ್ತರ. ಬಿಡುತ್ತೇನೆಯೇ? ಕಷ್ಟಕ್ಕೆ ಬೇರೆ ಅಂಕ, ಚೆಂದಕ್ಕೆ ಬೇರೆ ಅಂಕ, ಕಷ್ಟವನ್ನು ಸುತ್ತು ಎಣಿಸಿ ಹೇಳಬಹುದು ಎಂದೆಲ್ಲ ವಿವರಿಸಿದೆ. "ಅನುಮಾನ ಪಡೋದಿದ್ರ ಆ ಚೆಂದದ ಅಂಕ ಹಾಕೋರ ಮ್ಯಾಲ ಪಡು. ಅದು ಅವರವರ ಬಾಯಿಮಾತು. ಕಷ್ಟದ ಅಂಕದಾಗ ಮೋಸ ನಡೆಯಂಗಿಲ್ಲ" ಎಂದೆ.

ಅವಳು ಬಟ್ಟಲು ಕೆಳಗಿಟ್ಟಳು. "ಹೌದಲ್ಲ. ಸಿದ್ಧಾರ್ಥನ ಕಾಲು ನೀವೇ ಎಣಿಸಿದ್ರಿ. ಎಷ್ಟಿದ್ದವು?"

ನನ್ನ ಚಹಾ ಅಲ್ಲಿಗೇ ಆರಿತು.

ಸಿದ್ಧಾರ್ಥ ಯಾರೆಂದು ಹೇಳುವ ಮೊದಲು ನನ್ನ ಕಿವಿಯ ವಿಷಯ ಹೇಳಬೇಕು, ಸ್ವಲ್ಪ ತಾಳಿ. ನಾನು ಹುಟ್ಟಿದ್ದು ಶಹಾಬಾದಿನಲ್ಲಿ. ನೀವು ನಿಂತ ನೆಲ ಕಲ್ಲಿನದಾಗಿದ್ದರೆ ನಮ್ಮೂರಿನದೇ ಇದ್ದೀತು. ಅಪ್ಪ ನೆಲಕ್ಕೆ ಫರ್ಸಿಕಲ್ಲು ಹಾಸುವ ಗೌಂಡಿ. ಹಾಸಿದ ಮಾರನೆಯ ದಿನ ಬೆರಳ ಗೆಣ್ಣಿನಿಂದ ಪ್ರತಿ ಕಲ್ಲನ್ನೂ ಬಡಿದು ನೋಡುವುದು ಅವನ ಪದ್ಧತಿ. ಕೆಳಗೆ ಗಾರೆ ತುಂಬಿದ್ದರೆ ಕಲ್ಲು ಖಣ್ ಎನ್ನುತ್ತದೆ, ಟೊಳ್ಳಿದ್ದರೆ ಬೊದ್ ಎನ್ನುತ್ತದೆ. "ಮಂದಿ ಸುಳ್ಳ ಹೇಳ್ತಾರ, ಕಲ್ಲು ಹೇಳಂಗಿಲ್ಲ" ಎನ್ನುತ್ತಿದ್ದ. ಆ ಮಾತನ್ನು ನಾನು ಅಗತ್ಯಕ್ಕಿಂತ ಹೆಚ್ಚು ನಂಬಿ ಬೆಳೆದೆ. ಕಲ್ಲಂಗಡಿ, ತೆಂಗಿನಕಾಯಿ, ಮಣ್ಣಿನ ಕೊಡ, ಹೊಸದಾಗಿ ಕಟ್ಟಿದ ಗೋಡೆ, ಎಲ್ಲವನ್ನೂ ಬಡಿದು ನೋಡಿಯೇ ಒಪ್ಪುವುದು. ಹೆಣ್ಣು ನೋಡಲು ಸೇಡಂಗೆ ಹೋದಾಗ ಅವರ ಪಡಸಾಲೆಯಲ್ಲಿ ಕುಳಿತು ಸುಮ್ಮನಿರಲಾಗದೆ ನೆಲ ಬಡಿದು, "ಇಲ್ಲಿ ಗಾರೆ ಕಮ್ಮಿ ಬಿದ್ದದ್ರಿ" ಎಂದು ಮುಂದೆ ಮಾವನಾಗಬೇಕಾದವರಿಗೆ ಹೇಳಿದ್ದೆ. ಶಾರದಾ ಒಳಗಿನಿಂದ ಕೇಳಿಸಿಕೊಂಡು, ಇಂಥವನು ನಾಳೆ ನನ್ನ ತಲೆಯನ್ನೂ ಬಡಿದು ನೋಡುತ್ತಾನೆ ಎಂದು ತಾಯಿಗೆ ಹೇಳಿದಳಂತೆ. ಹಾಗೆ ನೋಡಿದರೆ ಬಡಿದಿದ್ದೇನೆ, ಮಾತಿನಲ್ಲಿ. ನೆರೆಯವರು ಎರಡು ದಿನ ಹೆಚ್ಚು ನಕ್ಕು ಮಾತಾಡಿದರೆ ಇದರ ಕೆಳಗೆ ಏನು ಟೊಳ್ಳಿದೆ ಎಂದು ಯೋಚಿಸುವ ಮನುಷ್ಯ ನಾನು.

ನಮ್ಮ ಕಡೆ ಮಂಜುಗಡ್ಡೆ ಸಿಗುವುದು ಕಬ್ಬಿನ ಹಾಲಿನ ಅಂಗಡಿಯಲ್ಲಿ ಮಾತ್ರ. ಆದರೆ ನುಣುಪಾದ ಫರ್ಸಿಯ ಮೇಲೆ ಗಾಲಿ ಬಹಳ ಚೆನ್ನಾಗಿ ಓಡುತ್ತದೆ. ಹನ್ನೆರಡು ಹದಿಮೂರು ವರ್ಷದ ಹಿಂದೆ ವಾಡಿಯಲ್ಲಿ ಕೆಲವು ಉತ್ಸಾಹಿಗಳು ಗಾಲಿ ಸ್ಕೇಟಿಂಗ್ ಶುರುಮಾಡಿದ್ದರು. ಓಟದ ಸ್ಕೇಟಿಂಗ್ ಅಲ್ಲ, ಹಾಡಿಗೆ ತಕ್ಕಂತೆ ಆಡುತ್ತ, ಹಾರುತ್ತ, ತಿರುಗುತ್ತ ಹೋಗುವಂಥದ್ದು. ಒಂದು ಸಲ ಪುರುಷರ ವಿಭಾಗದಿಂದ ರಾಜ್ಯ ಮಟ್ಟಕ್ಕೆ ಒಬ್ಬನನ್ನು ಆರಿಸಲು ಅಲ್ಲಿನ ಫರ್ಸಿ ಹಾಸಿದ ಸಮುದಾಯ ಭವನದಲ್ಲಿ ಸ್ಪರ್ಧೆ ಇಟ್ಟರು. ತೀರ್ಪುಗಾರರು ಇಬ್ಬರೇ. ಒಂದು ವಾರ ತರಬೇತಿ ಪಡೆದು ಬಂದಿದ್ದ ನಾನು ಕಷ್ಟದ ಅಂಕಕ್ಕೆ, ಸೇಡಂನಲ್ಲಿ ಭರತನಾಟ್ಯ ಕಲಿಸುತ್ತಿದ್ದ ಸುಲೋಚನಾ ಮೇಡಮ್ ಚೆಂದದ ಅಂಕಕ್ಕೆ. ಎರಡನ್ನೂ ಕೂಡಿಸಿ ಗೆದ್ದವನು ಯಾರೆಂದು ಹೇಳುವುದು.

ಸಿದ್ಧಾರ್ಥ ತೆಂಗಳಿಯ ತರುಣ, ಆಗ ಇಪ್ಪತ್ತರ ಆಸುಪಾಸು. ಅವನ ತಾಯಿ ಕೂಲಿಗೆ ಹೋಗಿ ಮಗನನ್ನು ಕಾಲೇಜು ಓದಿಸುತ್ತಿದ್ದಳು. ಅವನ ಕಾಲಿನ ಸ್ಕೇಟು ಯಾರೋ ಬಳಸಿ ಬಿಟ್ಟದ್ದು. ಸ್ಪರ್ಧೆಯ ಮುಂಜಾನೆ ಚಹಾ ಕುಡಿಯುವಾಗ ಒಂದು ಸುದ್ದಿ ನನ್ನ ಕಿವಿಗೆ ಬಿತ್ತು. ಈ ತರುಣನಿಗೆ ತೋಳು ಹೇಗೆ ಚಾಚಬೇಕು, ಕತ್ತು ಹೇಗೆ ಹಿಡಿಯಬೇಕು ಎಂದು ಸುಲೋಚನಾ ಮೇಡಮ್ಮೇ ಎರಡು ತಿಂಗಳು ಕಲಿಸಿದ್ದರಂತೆ. ಇನ್ನೇನು ಬೇಕು? ಕಲಿಸಿದವರೇ ಅಂಕ ಹಾಕುವುದೆಂದರೆ ಕಾಯಿ ಮಾರುವವನೇ ಕಾಯಿ ಬಡಿದು ತೋರಿಸಿದ ಹಾಗೆ. ಚೆಂದದ ಅಂಕ ಇವನಿಗೆ ಸುರಿಯುತ್ತದೆ ಎಂದು ಆಗಲೇ ನಿಶ್ಚಯಿಸಿಕೊಂಡೆ. ಇನ್ನೊಬ್ಬ ಗಟ್ಟಿ ಸ್ಪರ್ಧಿ ಶಹಾಬಾದಿನವನು, ನನ್ನ ಓಣಿಯವನೇ. ಆ ವಿಷಯದಲ್ಲಿ ಮಾತ್ರ ನನಗೆ ಯಾವ ಅನುಮಾನವೂ ಬರಲಿಲ್ಲ. ತಾನು ಕುಳಿತ ಕಲ್ಲನ್ನು ಯಾರೂ ಬಡಿದು ನೋಡುವುದಿಲ್ಲ.

ಸಿದ್ಧಾರ್ಥ ಆಡಿದ. ಚೆನ್ನಾಗಿಯೇ ಆಡಿದ. ಕೊಳಲಿನ ಹಾಡಿಗೆ ಅವನು ಮೊದಲ ಸುತ್ತು ಬಂದಾಗ ಭವನದಲ್ಲಿ ಮಾತು ನಿಂತಿತು. ಅದನ್ನು ಕಂಡೇ ನನಗೆ ಮೇಡಮ್ಮರ ಮೇಲೆ ಅನುಮಾನ ಹೆಚ್ಚಾಯಿತು. ಕೊನೆಗೆ ಅವನ ಮುಖ್ಯ ಜಿಗಿತ ಬಾಕಿಯಿತ್ತು: ಮುಂದಕ್ಕೆ ಓಡಿ ಬಂದು ಹಾರಿ, ಒಂದೂವರೆ ಸುತ್ತು ತಿರುಗಿ, ಹಿಮ್ಮುಖವಾಗಿ ಬಲಗಾಲಿನ ಮೇಲೆ ಇಳಿಯಬೇಕು. ಎಡಗಾಲು ನೆಲ ಮುಟ್ಟಿದರೆ ಅಂಕ ಅರ್ಧಕ್ಕಿಳಿಯುತ್ತದೆ. ಬಂದವರಲ್ಲಿ ಅದನ್ನು ಹಾರುವ ಧೈರ್ಯ ಮಾಡಿದವನು ಅವನೊಬ್ಬನೇ. ಅವನು ಹಾರಿದ. ಟಕ್-ಟಕ್ ಎಂದು ಎರಡು ಸದ್ದು ಕೇಳಿತು. ನಾನು ಹಾಳೆಯಲ್ಲಿ "ಎರಡು ಕಾಲು" ಎಂದು ಬರೆದೆ.

ಫಲಿತಾಂಶದಲ್ಲಿ ನಮ್ಮೂರಿನವನು ಕೂದಲೆಳೆಯಷ್ಟು ಮುಂದಿದ್ದ. ಸುಲೋಚನಾ ಮೇಡಮ್ ನೆಟ್ಟಗೆ ನನ್ನ ಮೇಜಿಗೆ ಬಂದರು.

"ಸರ್, ಅಂವ ಒಂದೇ ಕಾಲ್ ಮ್ಯಾಲ ಇಳಿದಾನ."

"ಎರಡು ಸದ್ದು ಕೇಳಿಸ್ಯಾವ್ರಿ ಮೇಡಮ್."

"ಆ ಜಾಗಾದಾಗ ಒಮ್ಮೆ ನಡದು ನೋಡ್ರಿ. ಮುಂಜಾನಿ ನಾ ಬರಿಗಾಲಿಲೆ ಅಡ್ಡಾಡೀನಿ. ಅಲ್ಲಿ ಕಲ್ಲು…"

ಕಲ್ಲಿನ ವಿಷಯವನ್ನು ಶಹಾಬಾದಿನವನಿಗೆ ಹೇಳಲು ಬಂದರಲ್ಲ ಎಂದು ನನಗೆ ಸಿಟ್ಟು ಬಂತು. ಮಾತು ಮುಗಿಸಲು ಬಿಡಲಿಲ್ಲ. "ಕುಣಿಲಿಕ್ಕ ಬರಲಾರದವ ನೆಲ ಡೊಂಕ ಅಂದನಂತ" ಎಂದೆ. ಸುತ್ತ ನಿಂತವರು ನಕ್ಕರು. ನಾಟ್ಯ ಕಲಿಸುವವರಿಗೇ ಆ ಗಾದೆ ಹೇಳಿದ್ದು ನನಗೂ ಬಹಳ ಚುರುಕಾಗಿ ಕಂಡಿತು. ಮೇಡಮ್ ನನ್ನನ್ನು ಒಂದು ಗಳಿಗೆ ನೋಡಿದರು. ಚೀಲ ತೆಗೆದುಕೊಂಡು ಸೇಡಂ ಬಸ್ಸಿಗೆ ಹೋದರು.

ಸಿದ್ಧಾರ್ಥ ಅಲ್ಲೇ ನಿಂತಿದ್ದ. ಅವನಿಗೊಂದು ಉಪಕಾರ ಮಾಡೋಣವೆಂದು ಹೆಗಲ ಮೇಲೆ ಕೈಯಿಟ್ಟು ಬುದ್ಧಿ ಹೇಳಿದೆ. "ಎಡಗಾಲು ಊರ್ಲಿಕತ್ತಿ ತಮ್ಮಾ. ಅದರ ಮ್ಯಾಲ ನಿಗಾ ಇಡು. ಶಹಾಬಾದದವರ ಕಿವಿ ತಪ್ಪಂಗಿಲ್ಲ."

"ಆಯ್ತ್ರಿ ಸರ್" ಎಂದ.

ಈಗ ನಿಮಗೊಂದು ಮಾತು ಹೇಳಬೇಕು. ಇಲ್ಲಿಯತನಕ ನಿಮ್ಮಿಂದಲೂ ಮುಚ್ಚಿಟ್ಟಿದ್ದೆ. ಸದ್ದು ಕೇಳಿತು ಎಂದೆನಲ್ಲ, ನೋಡಿದೆ ಎಂದು ಹೇಳಲಿಲ್ಲ. ಅವನು ಹಾರಿದ ಗಳಿಗೆಯಲ್ಲಿ ನನ್ನ ಕಣ್ಣು ನೆಲದ ಮೇಲಿರಲಿಲ್ಲ. ಪಕ್ಕಕ್ಕೆ ವಾಲಿ ಮೇಡಮ್ಮರ ಹಾಳೆಯಲ್ಲಿ ಎಷ್ಟು ಅಂಕ ಬಿದ್ದಿದೆ ಎಂದು ಇಣುಕುತ್ತಿದ್ದೆ. ಅವರ ಹಾಳೆ ಖಾಲಿಯಿತ್ತು. ಅವರು ಪೆನ್ನು ಕೆಳಗಿಟ್ಟು ಆಟ ನೋಡುತ್ತಿದ್ದರು.

ಕೆಲವು ವರ್ಷ ಕಳೆದವು. ಅದೇ ಭವನದಲ್ಲಿ ಪರಿಚಯದವರ ಮದುವೆ. ಪಂಕ್ತಿಯಲ್ಲಿ ಕುಳಿತು ಹುಗ್ಗಿಗೆ ತುಪ್ಪ ಬೀಳುವುದನ್ನು ಕಾಯುತ್ತಿದ್ದೆ. ಬಡಿಸುವವನು ಸಾರಿನ ಬಕೀಟನ್ನು ನಮ್ಮ ಸಾಲಿನ ಮುಂದೆ ಕೆಳಗಿಟ್ಟು, ಎತ್ತಿಕೊಂಡು ಮುಂದೆ ಹೋದ. ಇಟ್ಟಾಗ ಟಕ್, ಎತ್ತಿದಾಗ ಟಕ್. ಮೇಡಮ್ ಅಂದು ನಡೆದು ನೋಡಿ ಎಂದಿದ್ದ ಜಾಗ ಅದೇ. ಮಂದಿ ಉಣ್ಣುತ್ತಿದ್ದರು. ನಾನು ಎಲೆ ಬಿಟ್ಟೆದ್ದು ಕೈ ಒರೆಸಿಕೊಂಡು ಆ ಕಲ್ಲನ್ನು ಬಡಿದೆ. ಬೊದ್. ಮೂಲೆಯ ಕೆಳಗೆ ಗಾರೆ ಕರಗಿ ಹೋಗಿತ್ತು. ಭಾರ ಬಿದ್ದರೆ ಕಲ್ಲು ತಗ್ಗುತ್ತದೆ, ಭಾರ ಸರಿದರೆ ಮತ್ತೆ ಮೇಲೇಳುತ್ತದೆ. ಸಾಲದ್ದಕ್ಕೆ ಪಂಚೆ ಎತ್ತಿಕಟ್ಟಿ ಒಂದೇ ಕಾಲಿನ ಮೇಲೆ ಹಾರಿ ಸರಿದೆ. ಟಕ್-ಟಕ್. ಇನ್ನೊಮ್ಮೆ ಹಾರಿದೆ, ಮತ್ತದೇ. ಬೀಗರ ಕಡೆಯವರು ಉಣ್ಣುವುದು ನಿಲ್ಲಿಸಿ ನೋಡುತ್ತಿದ್ದರು. ಶಾರದಾ ಹೆಂಗಸರ ಸಾಲಿನಿಂದ ಎದ್ದು ಬಂದು ರಟ್ಟೆ ಹಿಡಿದು ಹೊರಗೆ ಕರೆದೊಯ್ದಳು. ಬೇವಿನ ಗಿಡದ ಕೆಳಗೆ ನಿಂತು ಎಲ್ಲ ಹೇಳಿದೆ, ಇಣುಕಿದ್ದನ್ನೂ ಹೇಳಿದೆ.

"ತಾ ಕಳ್ಳ, ಪರರ ನಂಬ" ಎಂದಳು. ನಂತರ ಮೆಲ್ಲಗೆ, "ಹೋಗಿ ಹೇಳ್ರಿ" ಎಂದಳು.

ಸುಲೋಚನಾ ಮೇಡಮ್ ತೀರಿಕೊಂಡು ಆಗಲೇ ವರ್ಷವಾಗಿತ್ತು. ಸಿದ್ಧಾರ್ಥ ಚಿಂಚೋಳಿಯಲ್ಲಿ ಮಾಸ್ತರನಾಗಿದ್ದಾನೆಂದು ಗೊತ್ತಿತ್ತು. ಆದರೂ ನಾನು ಹೋಗಲಿಲ್ಲ. ನಾಚಿಕೆಯಾಗುತ್ತಿತ್ತು, ಮುಚ್ಚುಮರೆ ಯಾಕೆ? ಹೇಳಿದರೆ ನಂಬುತ್ತಾನೋ ಇಲ್ಲವೋ, ಈಗ ಹೇಳಿ ಏನು ಪ್ರಯೋಜನ, ನನಗೆ ಅವನಿಂದ ಏನೋ ಬೇಕಾಗಿದೆ ಎಂದು ಅವನೇ ಅನುಮಾನಪಟ್ಟರೆ ಹೇಗೆ ಎಂದು ದಿನ ತಳ್ಳಿದೆ. ಮೊನ್ನೆ ಶಾರದಾ ಮೊಬೈಲಿನ ಮುಂದೆ ಆ ಪ್ರಶ್ನೆ ಕೇಳುವತನಕ ತಳ್ಳಿದೆ.

ಭಾನುವಾರ ಮುಂಜಾನೆ ಬಸ್ಸು ಹತ್ತಿದೆ. ಸೇಡಂನಲ್ಲಿ ಬಸ್ಸು ಬದಲಿಸುವಾಗ ಮೇಡಮ್ಮರ ಓಣಿಯ ಕಡೆ ನೋಡಲಾಗಲಿಲ್ಲ. ಚಿಂಚೋಳಿಯಲ್ಲಿ ಕೇಳುತ್ತ ಹೋದರೆ ಒಂದು ಸಿಮೆಂಟಿನ ಅಂಗಳದಲ್ಲಿ ಸಿದ್ಧಾರ್ಥ ಮಕ್ಕಳಿಗೆ ಸ್ಕೇಟಿಂಗ್ ಕಲಿಸುತ್ತಿದ್ದ. ಮೈ ತುಂಬಿಕೊಂಡಿದ್ದಾನೆ, ಕಿವಿಯ ಮೇಲೆ ಒಂದೆರಡು ಬಿಳಿಕೂದಲು.

"ಸರ್, ನೀವಾ? ಬರ್ರಿ, ಕುಂದ್ರಿ" ಎಂದು ಕುರ್ಚಿ ಹಾಕಿದ. ನಾನು ನಿಂತೇ ಹೇಳಿದೆ. ಕಲ್ಲು, ಬಕೀಟು, ನನ್ನ ಬರಹ, ಎಲ್ಲ ಹೇಳಿದೆ. ಅವನು ಕೇಳಿದ್ದು ಒಂದೇ.

"ಆವಾಗ ನಿಮ್ಮ ಕಣ್ಣು ಎಲ್ಲಿದ್ದವ್ರಿ ಸರ್?"

"ಮೇಡಮ್ಮರ ಹಾಳಿ ಮ್ಯಾಲ."

ಬೈಯುತ್ತಾನೆಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು. ಅವನು ಕೈಯಲ್ಲಿದ್ದ ಸೀಟಿಯನ್ನು ತಿರುಗಿಸುತ್ತ ಹೇಳಿದ: "ಇಳಿದಾಗ ನನಗ ಒಂದೇ ಕಾಲು ಅನಿಸಿತ್ರಿ. ಭಾಳ ಛಲೋ ಅನಿಸಿತ್ತು. ನೀವು ಎರಡು ಅಂದ್ರಿ. ದೊಡ್ಡವ್ರು, ಶಹಾಬಾದದ ಕಿವಿ. ಹಂಗಾದ್ರ ನನ್ನ ಕಾಲೇ ನನಗ ಸುಳ್ಳ ಹೇಳ್ಯಾವ ಅನ್ಕೊಂಡೆ. ಆಮ್ಯಾಲ ಹಾರ್ಲಿಕ್ಕ ಹೋದಾಗೆಲ್ಲ ಎಡಗಾಲಿನ ಮ್ಯಾಲೇ ಧ್ಯಾನ. ಎರಡು ವರ್ಷ ನೋಡ್ದೆ. ಆಗ್ಲಿಲ್ಲ, ಬಿಟ್ಟೆ."

ಅಂಕ ಕಳೆದೆ, ಆಯ್ಕೆ ತಪ್ಪಿಸಿದೆ ಎಂದಷ್ಟೇ ನಾನು ಇಷ್ಟು ದಿನ ಕೊರಗಿದ್ದೆ. ನನ್ನ ಅನುಮಾನವನ್ನು ಹೆಗಲ ಮೇಲೆ ಕೈಯಿಟ್ಟು ಅವನಿಗೆ ದಾಟಿಸಿ ಬಂದಿದ್ದೆ ಎಂಬುದು ಹೊಳೆದಿರಲಿಲ್ಲ. ಕುರ್ಚಿಯಲ್ಲಿ ಕುಳಿತುಬಿಟ್ಟೆ.

ಅವನು ಕಟ್ಟೆಯ ಮೇಲೆ ಕುಳಿತು ತನ್ನ ಸ್ಕೇಟಿನ ಲೇಸು ಬಿಗಿದ. ಮಕ್ಕಳನ್ನು ಗೋಡೆಯ ಕಡೆಗೆ ಸರಿಸಿದ. ಅಂಗಳವನ್ನು ಎರಡು ಸುತ್ತು ಹಾಕಿ, ತೋಳು ಚಾಚಿ, ಮುಂದಕ್ಕೆ ಓಡಿ ಬಂದು ಹಾರಿದ. ಆ ತೋಳಿನಲ್ಲಿ ಮೇಡಮ್ ಇನ್ನೂ ಇದ್ದರು. ನಾನು ಕಣ್ಣು ಮಿಟುಕಿಸಲಿಲ್ಲ. ಒಂದೂವರೆ ಸುತ್ತು ತಿರುಗಿದ. ಇಳಿಯುವಾಗ ಮೈ ವಾಲಿತು, ಎಡಗಾಲು ಬಂದು ನೆಲ ಹಿಡಿಯಿತು.

"ಎಷ್ಟ್ರಿ ಸರ್?" ಎಂದು ಅಂಗಳದ ಆ ತುದಿಯಿಂದ ಕೇಳಿದ.

ಒಂದು ಎಂದುಬಿಡಬೇಕೆಂದು ನಾಲಗೆಯ ತುದಿಯತನಕ ಬಂತು. ಅವನಿಗೆ ನಾನು ಕೊಡಬೇಕಾದದ್ದು ಆ ಒಂದೇ ಅಲ್ಲವೇ?

"ಎರಡು" ಎಂದೆ.

ಅವನು ನಕ್ಕ. ನಾನು ಬಂದಾಗಿನಿಂದ ಮೊದಲ ಸಲ ನಕ್ಕ. "ಹೌದ್ರಿ. ನನಗೂ ಎರಡೇ ಅನಿಸ್ತು" ಎಂದ. ಮತ್ತೆ ಸುತ್ತು ಹಾಕಲು ಹೊರಟ.

ಸಂಜೆ ಮನೆ ಸೇರಿದಾಗ ಮೊಬೈಲು ಸಕ್ಕರೆ ಡಬ್ಬಿಗೆ ಒರಗಿತ್ತು. ಮಂಜಿನ ಮೇಲೆ ಯಾರೋ ಒಬ್ಬ ಹಿಂದುಹಿಂದಕ್ಕೆ ಜಾರುತ್ತಿದ್ದ. ಶಾರದಾ ಇನ್ನೊಂದು ಬಟ್ಟಲಿಗೆ ಚಹಾ ಸುರಿದಳು. ನಾನು ಮೊಬೈಲಿನ ಸದ್ದು ಬಂದ್ ಮಾಡಿದೆ. ಕನ್ನಡಕ ಒರೆಸಿಕೊಂಡು ಅವಳ ಪಕ್ಕ ಕುಳಿತೆ.