ಬಳಚು ಸತ್ತದ್ದು ಯಾತರಿಂದ

ಕಡಲು ಸೇರುವ ಕೋಡಿ ಊರಿನ ಹೊಳೆಯಲ್ಲಿ ಬಳಚು ಎಂಬ ಚಿಪ್ಪುಜೀವಿ ರಾಶಿ ರಾಶಿ ಸಾಯತೊಡಗಿದಾಗ ಅದರ ಕಾರಣ ಹುಡುಕುವುದೇ ನನ್ನ ಸಂಶೋಧನೆಯಾಯಿತು. ದಡದ ಸಿಗಡಿ ಸಾಕುವ ಕೆರೆಗಳಿಂದ ಬಿಡುವ ಕೊಳಕು ನೀರೋ, ಹೊಳೆಯಲ್ಲಿ ಏರಿದ ಉಪ್ಪೋ? ಬಳಚು ಹೆಕ್ಕಿಯೇ ಬದುಕಿದ್ದ ಅಕ್ಕ ಒಬ್ಬರು ಸೊಂಟಮಟ್ಟ ನೀರಿಗಿಳಿದು ನನಗೆ ಮಾದರಿ ತೆಗೆದುಕೊಟ್ಟರು. ಆದರೆ ಬೇಸಿಗೆಯಲ್ಲಿ ಎರಡೂ ಒಟ್ಟಿಗೇ ಹೆಚ್ಚುತ್ತಿದ್ದವು. ಲೆಕ್ಕದಲ್ಲಿ ಒಂದನ್ನು ಇನ್ನೊಂದರಿಂದ ಬಿಡಿಸಲಾಗಲಿಲ್ಲ.

“ಎಂತ ಗೊತ್ತಾಯ್ತ್?” ಅಕ್ಕ ಕೇಳಿದರು.

“ಯಾವ್ದರಿಂದ ಅಂತ ಹೇಳೂಕ್ ಆತಿಲ್ಲೆ ಅಕ್ಕ.”

“ಹಂಗಾರೆ ಕೆರೆಯವ್ರ್ ತಪ್ಪಿಲ್ಯಾ?”

“ಇಲ್ಲೆ ಅಂತ್ಲೂ ಹೇಳೂಕ್ ಆತಿಲ್ಲೆ.”

ಅವರು ಬುಟ್ಟಿ ತೊಳೆದರು. ಕೆರೆಯವರು ಮಾತ್ರ, ನಮ್ಮ ತಪ್ಪೆಂದು ಸಾಬೀತಾಗಲಿಲ್ಲವಲ್ಲ ಎಂದು ಊರೆಲ್ಲ ಹೇಳಿಕೊಂಡು ಬಂದರು. ಮರುವರ್ಷ ಇನ್ನಷ್ಟು ಮಾದರಿ ಬೇಕೆಂದು ಹೋದಾಗ ಅಕ್ಕ ಗೇರುಬೀಜದ ಕಾರ್ಖಾನೆ ಸೇರಿದ್ದರು. ಹೊಳೆಯಲ್ಲಿ ಪರೀಕ್ಷಿಸಲು ಒಂದು ಬಳಚೂ ಉಳಿದಿರಲಿಲ್ಲ.